ಇಪ್ಪತ್ನಾಲ್ಕು ಗಂಟೆಯ ಗೆಲುವು

ಮುಂಗಾರು ಹಿಡಿದು ಡೆಂಗಿ ಸುದ್ದಿ ಒಳಪುಟದಿಂದ ಮುಖಪುಟಕ್ಕೆ ಬರುವ ಹೊತ್ತಿಗೆ ಅದರ ಬೆನ್ನಿಗೇ ಇನ್ನೊಂದು ಬಗೆಯ ಸುದ್ದಿಯೂ ಬರುತ್ತದೆ. ಯಾವುದೋ ಪ್ರಯೋಗಾಲಯದಲ್ಲಿ ಯಾವುದೋ ಗಿಡದ ಸುಗಂಧ ತೈಲ ಸೊಳ್ಳೆಯ ಲಾರ್ವಾಗಳನ್ನು ನೂರಕ್ಕೆ ನೂರು ಕೊಂದಿದೆ, ಇನ್ನು ವಿಷದ ಹಂಗು ಬೇಡ, ಅಗ್ಗದ, ಸುರಕ್ಷಿತವಾದ, ಪರಿಸರಸ್ನೇಹಿ ಪರ್ಯಾಯ ಸಿಕ್ಕಿತು ಎಂಬ ಸುದ್ದಿ. ಗಿಡದ ಹೆಸರು ಮಾತ್ರ ಬದಲಾಗುತ್ತಿರುತ್ತದೆ. ಒಮ್ಮೆ ಮಜ್ಜಿಗೆ ಹುಲ್ಲು, ಒಮ್ಮೆ ತುಳಸಿ, ಮತ್ತೊಮ್ಮೆ ಲವಂಗ, ಓಮ, ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ. ಹಿತ್ತಲ ಗಿಡ ಮದ್ದಲ್ಲ ಎಂದು ಕಡೆಗಣಿಸಿದವರಿಗೆ ವಿಜ್ಞಾನವೇ ಉತ್ತರ ಕೊಟ್ಟಿತು ಎಂದು ಓದಿದವರಿಗೆ ಹೆಮ್ಮೆಯೂ ಆಗುತ್ತದೆ.

ಆ ಹೆಮ್ಮೆಗೆ ಸಾಕಷ್ಟು ಆಧಾರವಿಲ್ಲ ಎಂಬುದು ನನ್ನ ವಾದ. ಸುಗಂಧ ತೈಲ ಲಾರ್ವಾವನ್ನು ಕೊಲ್ಲುತ್ತದೆಯೇ ಎಂದರೆ ಕೊಲ್ಲುತ್ತದೆ, ಅದರಲ್ಲಿ ತಕರಾರಿಲ್ಲ. ಲೋಟದಲ್ಲಿ ಲಾರ್ವಾ ಸತ್ತಿತು ಎಂಬ ಮಾತಿನಿಂದ ಊರಿನಲ್ಲಿ ಸೊಳ್ಳೆ ಕಡಿಮೆಯಾಗುತ್ತದೆ ಎಂಬ ಮಾತಿಗೆ ಒಂದೇ ನೆಗೆತದಲ್ಲಿ ಹೋಗುತ್ತೇವಲ್ಲ, ನನ್ನ ತಕರಾರು ಅದಕ್ಕೆ. ಈ ನಡುವಿನ ದಾರಿಯಲ್ಲಿ ನೀರಿನ ಪ್ರಮಾಣ, ದಿನಗಳ ಲೆಕ್ಕ, ಅದೇ ನೀರು ಕುಡಿಯುವ ಮನುಷ್ಯರು, ಅದೇ ನೀರಿನಲ್ಲಿರುವ ಮೀನು ಎಲ್ಲವೂ ಇದ್ದಾವೆ. ಯಾವ ಗಿಡ ಎಂಬುದಕ್ಕೆ ನಾವು ಕೊಟ್ಟ ಮಹತ್ವದಲ್ಲಿ ಅರ್ಧದಷ್ಟನ್ನು, ಅದರ ಎಣ್ಣೆಯನ್ನು ಯಾವ ರೂಪದಲ್ಲಿ ನೀರಿಗೆ ಹಾಕಬೇಕು ಎಂಬ ಪ್ರಶ್ನೆಗೆ ಕೊಟ್ಟಿದ್ದರೂ ಇಷ್ಟು ಹೊತ್ತಿಗೆ ಕೈಯಲ್ಲಿ ಏನಾದರೂ ಇರುತ್ತಿತ್ತು.

ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದ ಮಾರ್ಗಸೂಚಿಯನ್ನು ಹೆಚ್ಚಿನವರು ಅನುಸರಿಸುತ್ತಾರೆ. ಮೂರನೆಯ ಹಂತದ ಕೊನೆಗೋ ನಾಲ್ಕನೆಯ ಹಂತದ ಆರಂಭಕ್ಕೋ ಬಂದಿರುವ 25 ಲಾರ್ವಾಗಳನ್ನು ಡ್ರಾಪರಿನಿಂದ ಎತ್ತಿ 100 ಮಿಲಿಲೀಟರ್ ನೀರಿರುವ ಲೋಟಕ್ಕೆ ಬಿಡುತ್ತಾರೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಹಾಗಾಗಿ ಅದನ್ನು ಅಸಿಟೋನಿನಲ್ಲೋ ಆಲ್ಕೊಹಾಲಿನಲ್ಲೋ ಕರಗಿಸಿ ಪಿಪೆಟ್ಟಿನಲ್ಲಿ ಅಳೆದು ಹಾಕುತ್ತಾರೆ. ಒಂದೊಂದು ಪ್ರಮಾಣಕ್ಕೂ ನಾಲ್ಕಾರು ಲೋಟ, ಪಕ್ಕದಲ್ಲಿ ಎಣ್ಣೆ ಹಾಕದ ಲೋಟಗಳು. ಕೋಣೆಯ ಬಿಸಿ ಹದವಾಗಿರುತ್ತದೆ. ಬಿಸಿಲಿಲ್ಲ, ಗಾಳಿಯಿಲ್ಲ, ಪಾಚಿಯಿಲ್ಲ, ಕೆಸರಿಲ್ಲ. 24 ಗಂಟೆ ಕಳೆದ ಮೇಲೆ ತಳ ಸೇರಿದ ಲಾರ್ವಾವನ್ನು ಸೂಜಿಯ ತುದಿಯಿಂದ ಮೆಲ್ಲಗೆ ಮುಟ್ಟುತ್ತಾರೆ. ಮಿಸುಕದಿದ್ದರೆ ಸತ್ತಿದೆ ಎಂದು ಬರೆದುಕೊಳ್ಳುತ್ತಾರೆ. ಎಣ್ಣೆ ಹಾಕದ ಲೋಟದಲ್ಲೂ ನೂರಕ್ಕೆ 20ಕ್ಕಿಂತ ಹೆಚ್ಚು ಸತ್ತಿದ್ದರೆ ಇಡೀ ಪರೀಕ್ಷೆಯನ್ನು ಕೈಬಿಡಬೇಕು. ಈ ಲೆಕ್ಕದಿಂದ, ಅರ್ಧದಷ್ಟು ಲಾರ್ವಾ ಸಾಯಲು ಬೇಕಾದ ಪ್ರಮಾಣವನ್ನು ಕಂಡುಹಿಡಿಯುತ್ತಾರೆ. ಅದೇ ಎಲ್‌ಸಿ50.

ಇದು ಅಚ್ಚುಕಟ್ಟಾದ, ಪ್ರಾಮಾಣಿಕವಾದ ಪರೀಕ್ಷೆ. ಆದರೆ ಅದೇ ಮಾರ್ಗಸೂಚಿ ಇದನ್ನು ಮೊದಲ ಹಂತ ಎಂದು ಕರೆಯುತ್ತದೆ. ಎರಡನೆಯ ಹಂತ ಬಯಲಿನಲ್ಲಿ, ಸಣ್ಣ ಪ್ರಮಾಣದಲ್ಲಿ. ಮೂರನೆಯದು ಜನವಸತಿಯ ನಡುವೆ, ದೊಡ್ಡ ಪ್ರಮಾಣದಲ್ಲಿ. ಸುಗಂಧ ತೈಲಗಳ ಮೇಲಿನ ಸಂಶೋಧನೆಯ ಬಹುಪಾಲು ಮೊದಲ ಮೆಟ್ಟಿಲಿನಲ್ಲೇ ನಿಂತುಬಿಟ್ಟಿದೆ. ಕಾರಣ ತಿಳಿಯುವುದು ಕಷ್ಟವಲ್ಲ. ಗಿಡ ಕ್ಯಾಂಪಸ್ಸಿನಲ್ಲೇ ಸಿಗುತ್ತದೆ, ಎಣ್ಣೆ ಇಳಿಸುವ ಕ್ಲೆವೆಂಜರ್ ಉಪಕರಣ ಕಾಲೇಜುಗಳಲ್ಲೂ ಇರುತ್ತದೆ, ಲಾರ್ವಾ ಸಾಕಲು ಟ್ರೇ ಸಾಕು, ಉತ್ತರ ಒಂದೇ ದಿನದಲ್ಲಿ ಬರುತ್ತದೆ. ಎರಡು ಮೂರು ವರ್ಷದಲ್ಲಿ ಪ್ರಬಂಧ ಮುಗಿಸಬೇಕಾದ ವಿದ್ಯಾರ್ಥಿಗೆ ಇದಕ್ಕಿಂತ ಅನುಕೂಲದ ವಿಷಯ ಇನ್ನೊಂದಿಲ್ಲ. ಬಯಲಿನ ಪರೀಕ್ಷೆಗೆ ಊರಿನವರ ಒಪ್ಪಿಗೆ ಬೇಕು, ಮಳೆಗಾಲವಿಡೀ ಓಡಾಡುವ ಜನ ಬೇಕು, ಫಲಿತಾಂಶ ಕೆಟ್ಟರೂ ಪ್ರಕಟಿಸುವ ಧೈರ್ಯ ಬೇಕು. ಹುಡುಗ ಹುಡುಗಿಯರನ್ನು ಇದಕ್ಕೆ ದೂರುವುದು ಅನ್ಯಾಯ. ಅವರಿಗೆ ಹೀಗೆ ದಾರಿ ತೋರಿಸಿದ ನಾವು, ಅವರ ಮೊದಲ ಹಂತವನ್ನೇ ಕೊನೆಯ ಹಂತವೆಂದು ಅಚ್ಚು ಹಾಕಿದ ನಾವು ಉತ್ತರ ಕೊಡಬೇಕು.

ಈಗ ಲೆಕ್ಕಕ್ಕೆ ಬರೋಣ. ಸುಗಂಧ ತೈಲಗಳ ಲಾರ್ವಾನಾಶಕ ಗುಣವನ್ನು ಕುರಿತು ರೋಮನ್ ಪಾವೆಲಾ ಎಂಬ ವಿಜ್ಞಾನಿ 2015ರಲ್ಲಿ ಬರೆದ ಸಮೀಕ್ಷೆ ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವಂಥದು. ಅವರು ಒಟ್ಟುಹಾಕಿದ 122 ಸಸ್ಯಗಳ ಎಣ್ಣೆಗಳಲ್ಲಿ ಎಲ್‌ಸಿ50 ಲೀಟರಿಗೆ 10 ಮಿಲಿಗ್ರಾಂಗಿಂತ ಕಡಿಮೆ ಇದ್ದವು ಏಳೇ ಏಳು. ಒಳ್ಳೆಯದು ಎನ್ನಿಸಿಕೊಂಡ ಎಣ್ಣೆಗಳಿಗೂ 50 ಮಿಲಿಗ್ರಾಂ ಹತ್ತಿರದ ಪ್ರಮಾಣ ಬೇಕು. ಕಡಿಮೆ ಎನ್ನಿಸುತ್ತದಲ್ಲವೆ? 200 ಲೀಟರಿನ ನೀಲಿ ಡ್ರಮ್ಮಿಗೆ ಅದನ್ನು ಅನ್ವಯಿಸಿ. ಅರ್ಧದಷ್ಟು ಲಾರ್ವಾ ಸಾಯಲು 10 ಗ್ರಾಂ ಎಣ್ಣೆ. ಅರ್ಧ ಉಳಿದರೆ ಏನು ಬಂತು, ಹತ್ತರಲ್ಲಿ ಒಂಬತ್ತಾದರೂ ಸಾಯಬೇಕೆಂದರೆ ಸುಮಾರಾಗಿ ಅದರ ಎರಡು ಪಟ್ಟು, ಅಂದರೆ 20 ಗ್ರಾಂ. ಮಜ್ಜಿಗೆ ಹುಲ್ಲಿನಲ್ಲಿ ಎಣ್ಣೆಯ ಅಂಶ ಹಸಿ ತೂಕದ ನೂರಕ್ಕೆ ಅರ್ಧ ಭಾಗದಷ್ಟು. ಒಂದು ಡ್ರಮ್ಮಿಗೆ ಒಂದು ಸಲ ಹಾಕಲು ನಾಲ್ಕು ಕಿಲೋ ಹುಲ್ಲನ್ನು ಭಟ್ಟಿ ಇಳಿಸಬೇಕಾಯಿತು. ಮನೆಗೆರಡು ಡ್ರಮ್ಮಿನಂತೆ ಹತ್ತು ಸಾವಿರ ಮನೆಯ ಪಟ್ಟಣಕ್ಕೆ ಒಂದು ಸುತ್ತಿಗೆ 400 ಕಿಲೋ ಎಣ್ಣೆ, 80 ಟನ್ ಹುಲ್ಲು.

ಇದೇ ಪಟ್ಟಣಕ್ಕೆ ಆರೋಗ್ಯ ಇಲಾಖೆಯವರು ಹಾಕುವ ಟೆಮಿಫಾಸ್ ಎಷ್ಟು ಬೇಕು? ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಆ ಮಿತಿಯಷ್ಟನ್ನೇ ಹಾಕಿದರೂ ಡ್ರಮ್ಮಿಗೆ 0.2 ಗ್ರಾಂ, ಇಡೀ ಪಟ್ಟಣಕ್ಕೆ 4 ಕಿಲೋ. ಅದೂ ವಾರಗಟ್ಟಲೆ ಕೆಲಸ ಮಾಡುತ್ತದೆ. ಟೆಮಿಫಾಸ್ ನನಗೆ ಪ್ರಿಯವೆಂದು ಈ ಲೆಕ್ಕ ಹೇಳುತ್ತಿಲ್ಲ. ಅದು ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ, ಬ್ರೆಜಿಲ್ ಮೊದಲಾದ ಕಡೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಅದಕ್ಕೆ ಜಗ್ಗದಂತಾಗಿದೆ, ಅದರ ವಾಸನೆಗೆ ಬೇಸತ್ತು ನೀರನ್ನೇ ಚೆಲ್ಲುವ ಮನೆಗಳೂ ಇವೆ. ಅದನ್ನು ಬದಲಿಸಬೇಕು. ಆದರೆ ಬದಲಿಗೆ ಬರುವುದು ನೂರು ಪಟ್ಟು ಹೆಚ್ಚು ಬೇಕಾದಾಗ ಅದನ್ನು ಅಗ್ಗ ಎನ್ನಬಾರದು. ಅಷ್ಟು ಹುಲ್ಲು ಬೆಳೆಯಲು ನೆಲ, ನೀರು, ಭಟ್ಟಿಗೆ ಸೌದೆ ಎಲ್ಲವೂ ಬೇಕು. ಅದನ್ನೂ ಪರಿಸರದ ಖಾತೆಗೆ ಬರೆಯಬೇಕಾಗುತ್ತದೆ.

ಪ್ರಮಾಣದ ಮಾತಾಯಿತು. ಅದಕ್ಕಿಂತ ದೊಡ್ಡ ತೊಡಕು ದಿನಗಳದು. ಸುಗಂಧ ತೈಲದ ಹುಟ್ಟುಗುಣವೇ ಆವಿಯಾಗುವುದು. ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವ ಘಮವೆಂದರೆ ನೀರು ಬಿಟ್ಟು ಹೊರಟ ಮದ್ದೇ. ಉಳಿದದ್ದರಲ್ಲಿ ಒಂದಿಷ್ಟನ್ನು ಡ್ರಮ್ಮಿನ ಪ್ಲಾಸ್ಟಿಕ್ ಹೀರಿಕೊಳ್ಳುತ್ತದೆ, ಒಂದಿಷ್ಟು ಗೋಡೆಯ ಪಾಚಿಗೆ ಅಂಟುತ್ತದೆ, ಬಿಸಿಲು ಬಿದ್ದರೆ ಇನ್ನೊಂದಿಷ್ಟು ಕೆಡುತ್ತದೆ. ಮನೆಯವರು ಬೆಳಿಗ್ಗೆ ಹತ್ತು ಕೊಡ ತೆಗೆದು, ನಳ ಬಂದಾಗ ಮತ್ತೆ ತುಂಬಿಸುತ್ತಾರೆ. ಮದ್ದು ಅಲ್ಲಿಗೆ ಇನ್ನಷ್ಟು ತೆಳುವಾಯಿತು. ಎರಡು ಮೂರು ದಿನದ ಮೇಲೆ ಅದರ ಬಲ ಉಳಿಯುವುದು ಕಷ್ಟ. ಸೊಳ್ಳೆಗೆ ಈ ಅವಸರವಿಲ್ಲ. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟದ ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ಕಪ್ಪು ಪುಡಿಯಂತೆ ಕಾಣುವ ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ನೀರು ತಾಗಿದಾಗ ಒಡೆಯುತ್ತವೆ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಏಳರಿಂದ ಹತ್ತು ದಿನ ಸಾಕು. ಸೋಮವಾರ ಹಾಕಿದ ಎಣ್ಣೆ ಗುರುವಾರಕ್ಕೆ ಇಲ್ಲ. ಗುರುವಾರ ಒಡೆದ ಮೊಟ್ಟೆಗೆ ನೀರು ಹೊಸದರಂತೆಯೇ ಇರುತ್ತದೆ.

ಬೇಗ ಕರಗಿಹೋಗುವುದೇ ಗಿಡದೆಣ್ಣೆಯ ಹೆಚ್ಚುಗಾರಿಕೆ, ಅದು ಮಣ್ಣಿನಲ್ಲೂ ನೀರಿನಲ್ಲೂ ಉಳಿಯುವುದಿಲ್ಲ ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಆ ಮಾತನ್ನು ಆಡಿದ ಮೇಲೆ ಅದೇ ಎಣ್ಣೆ ಡೆಂಗಿ ಋತುವಿನುದ್ದಕ್ಕೂ ನಮ್ಮನ್ನು ಕಾಯುತ್ತದೆ ಎಂಬ ಮಾತನ್ನು ಆಡಲಾಗದು. ಮೂರು ದಿನಕ್ಕೊಮ್ಮೆ ಮನೆ ಮನೆಗೆ ಹೋಗಿ ಎಣ್ಣೆ ಹಾಕುವವರು ಯಾರು? ಆಶಾ ಕಾರ್ಯಕರ್ತೆ ಒಂದು ಬೀದಿಯನ್ನು ವಾರಕ್ಕೊಮ್ಮೆ ಮುಗಿಸುವುದೇ ದೊಡ್ಡ ಮಾತು. ಆಕೆ ಬಾಗಿಲಲ್ಲಿ ನಿಂತು “ಅಕ್ಕಾ, ಡ್ರಮ್ಮಿನ ಮುಚ್ಚಳ ಒಂಚೂರು ತೆಗೀರಿ” ಎಂದು ಕೇಳಿ, ಮೊಬೈಲಿನ ಟಾರ್ಚು ಬಿಟ್ಟಾಗ ಬೆಳಕಿಗೆ ಬೆದರಿ ಲಾರ್ವಾಗಳು ಕೊಂಕುತ್ತ ತಳಕ್ಕೆ ಇಳಿಯುತ್ತವೆ. ಅವು ಮತ್ತೆ ಉಸಿರಿಗೆ ಮೇಲೆ ಬರುವವರೆಗೆ ಕಾಯಬೇಕು. ಒಂದು ಡ್ರಮ್ಮಿಗೇ ಇಷ್ಟು ಹೊತ್ತು ಹಿಡಿಯುತ್ತದೆ. ಇಂಥ ಕೆಲಸವನ್ನು ತಿಂಗಳಿಗೆ ಹತ್ತು ಸಲ ಮಾಡಬೇಕಾದ ಮದ್ದನ್ನು ಯಾವ ಇಲಾಖೆಯೂ ನಡೆಸಲಾರದು.

ಸುರಕ್ಷಿತ ಎಂಬ ಮಾತಂತೂ ಇಡೀ ನಂಬಿಕೆಯ ಬೇರು. ಗಿಡದ್ದು, ಆದ್ದರಿಂದ ತೊಂದರೆಯಿಲ್ಲ. ಮಲೆನಾಡಿನ ಹಳೆಯ ತಲೆಗಳಿಗೆ ಇದು ಸುಳ್ಳೆಂದು ಗೊತ್ತು. ಕಾರೆಕಾಯಿ ಜಜ್ಜಿ ಹಳ್ಳದ ಮಡುವಿಗೆ ಹಾಕಿದರೆ ಮೀನು ಅಮಲೇರಿ ಮೇಲೆ ತೇಲುತ್ತವೆ. ಅದೂ ಗಿಡದ್ದೇ. ಲವಂಗದ ಎಣ್ಣೆಯನ್ನು ತೆಗೆದುಕೊಳ್ಳಿ. ಮೀನುಗಳನ್ನು ತೂಕ ಮಾಡುವಾಗ, ಸಾಗಿಸುವಾಗ ಮಂಪರು ಬರಿಸಲು ಮೀನು ಸಾಕಣೆಯವರು ಬಳಸುವುದು ಅದನ್ನೇ, ಲೀಟರಿಗೆ 40ರಿಂದ 60 ಮಿಲಿಗ್ರಾಂ ಲೆಕ್ಕದಲ್ಲಿ. ಲಾರ್ವಾ ಸಾಯಲು ಬೇಕಾಗುವ ಪ್ರಮಾಣವೂ ಹೆಚ್ಚುಕಡಿಮೆ ಇದರ ಆಸುಪಾಸಿನಲ್ಲೇ ಬರುತ್ತದೆ. ಅಂದರೆ ಲಾರ್ವಾ ತಿನ್ನಲೆಂದು ತೊಟ್ಟಿಗೆ ಗಪ್ಪಿ ಮೀನು ಬಿಟ್ಟವರು ಅದೇ ತೊಟ್ಟಿಗೆ ಲವಂಗದೆಣ್ಣೆ ಹಾಕಿದರೆ ಮೊದಲು ಮಗುಚಿ ಬೀಳುವುದು ಮೀನು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಬಿಟ್ಟು ಮಲೇರಿಯಾ ತಗ್ಗಿಸಿದ ಅನುಭವ ನಮ್ಮ ರಾಜ್ಯಕ್ಕಿದೆ. ಆ ಮೀನು ಒಮ್ಮೆ ನೆಲೆಯೂರಿದರೆ ದಿನಾ ತಿನ್ನುತ್ತಲೇ ಇರುತ್ತದೆ. ಗ್ಯಾಂಬೂಸಿಯಾವನ್ನು ಕೆರೆ ಹೊಳೆಗೆ ಬಿಟ್ಟರೆ ಅಲ್ಲಿನ ಮೀನುಗಳಿಗೆ ಕುತ್ತು, ಆ ಎಚ್ಚರಿಕೆ ಬೇರೆ. ಹೀಗೆ ಲಾರ್ವಾ ತಿನ್ನುವ ಮೀನನ್ನು ಕೊಲ್ಲಬಲ್ಲ ಎಣ್ಣೆಯನ್ನು ಪರಿಸರಸ್ನೇಹಿ ಎಂದು ಬರೆಯುವ ಮುನ್ನ ಮೀನಿನ ಮೇಲಿನ ಪರೀಕ್ಷೆಯ ಅಂಕಿಯನ್ನು ಕೇಳಬೇಕಲ್ಲವೆ?

ತುಳಸಿಯ ವಿಷಯ ಇನ್ನೂ ಸೂಕ್ಷ್ಮ. ತುಳಸಿ ಎಂದರೆ ಒಂದೇ ಎಣ್ಣೆಯಲ್ಲ. ತಳಿ, ನೆಲ, ಕೊಯ್ಲಿನ ಕಾಲಕ್ಕೆ ತಕ್ಕಂತೆ ಅದರ ರಾಸಾಯನಿಕ ಪಾಕವೇ ಬೇರೆಯಾಗುತ್ತದೆ. ಕೆಲವು ತಳಿಗಳಲ್ಲಿ ಯೂಜಿನಾಲ್ ಹೆಚ್ಚು, ಕೆಲವುಗಳಲ್ಲಿ ಮೀಥೈಲ್ ಯೂಜಿನಾಲ್. ಈ ಎರಡನೆಯದನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2023ರಲ್ಲಿ ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ 2ಎ ಗುಂಪಿಗೆ ಏರಿಸಿತು. ಅದೇ ಸಭೆಯಲ್ಲಿ ಕೃತಕ ಸಿಹಿ ಆಸ್ಪರ್ಟೇಮ್ ಅದಕ್ಕಿಂತ ಕೆಳಗಿನ ಗುಂಪಿಗೆ ಸೇರಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಮೀಥೈಲ್ ಯೂಜಿನಾಲ್ ಸುದ್ದಿಯಾಗಲಿಲ್ಲ. ಕಷಾಯಕ್ಕೆ ನಾಲ್ಕು ತುಳಸಿ ಎಲೆ ಹಾಕುವವರು ಇದರಿಂದ ಹೆದರಬೇಕಿಲ್ಲ. ಸಾವಿರಾರು ಎಲೆಗಳ ಸಾರವನ್ನು ಹಿಂಡಿ, ಮನೆಯವರೆಲ್ಲ ತಿಂಗಳುಗಟ್ಟಲೆ ಕುಡಿಯುವ ನೀರಿಗೆ ಹಾಕುತ್ತೇವೆ ಎಂದಾಗ ಮಾತ್ರ ಪ್ರಶ್ನೆ ಕೇಳಲೇಬೇಕು. ಕುಡಿಯುವ ನೀರಿನಲ್ಲಿ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಶೀಲಿಸಿರುವ ಲಾರ್ವಾನಾಶಕಗಳ ಪಟ್ಟಿಯಲ್ಲಿ ಟೆಮಿಫಾಸ್, ಪೈರಿಪ್ರಾಕ್ಸಿಫೆನ್, ಡೈಫ್ಲೂಬೆನ್ಜುರಾನ್, ನೊವಾಲುರಾನ್, ಮೀಥೊಪ್ರೀನ್, ಬಿಟಿಐ, ಸ್ಪಿನೊಸ್ಯಾಡ್ ಇವೆ. ಸುಗಂಧ ತೈಲ ಒಂದೂ ಇಲ್ಲ. ಪ್ರಕೃತಿಯ ಮೇಲೆ ಆ ಸಂಸ್ಥೆಗೆ ಸಿಟ್ಟಿದೆ ಎನ್ನುವಂತಿಲ್ಲ, ಏಕೆಂದರೆ ಬಿಟಿಐ ಒಂದು ಬ್ಯಾಕ್ಟೀರಿಯ, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ನಿಂತ ನೀರಿನಲ್ಲಿ ಸಿಕ್ಕಿದ್ದು. ಸ್ಪಿನೊಸ್ಯಾಡ್ ಕೂಡ ಮಣ್ಣಿನ ಸೂಕ್ಷ್ಮಜೀವಿಯದ್ದು. ಅವು ಪರೀಕ್ಷೆಯ ಎಲ್ಲ ಮೆಟ್ಟಿಲು ಹತ್ತಿ ಬಂದವು.

ಅಮೆರಿಕದಲ್ಲಿ ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲಾ, ಲವಂಗದ ಎಣ್ಣೆಗಳನ್ನು ಕೀಟನಾಶಕ ನೋಂದಣಿಯಿಂದಲೇ ಬಿಟ್ಟಿದ್ದಾರಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ಅಂಥ ವಿನಾಯಿತಿ ಕೊಟ್ಟಿತು. ಅಪಾಯ ಕಡಿಮೆ ಎಂಬ ಕಾರಣಕ್ಕೆ ಕೊಟ್ಟ ವಿನಾಯಿತಿ ಅದು. ಕೆಲಸ ಮಾಡುತ್ತದೆಂದು ಆ ಸಂಸ್ಥೆಯ ಮುಂದೆ ತೋರಿಸಬೇಕೆಂಬ ಷರತ್ತು ಅದರಲ್ಲಿಲ್ಲ, ಕುಡಿಯುವ ನೀರಿಗೆ ಹಾಕಿ ಎಂದೂ ಅದು ಹೇಳಿಲ್ಲ.

ಪ್ರಕೃತಿಯ ಹೆಸರಿನಲ್ಲಿ ಸೊಳ್ಳೆಯ ಪರ ವಾದ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಲಾರ್ವಾ ಕಂಡು ಅದನ್ನು ಮಗುಚಿಸಿದ. ಕೋಣೆಯಲ್ಲಿ ಸೊಳ್ಳೆ ಕಡಿಮೆಯಾಯಿತು. ಮೆಸ್ಸಿನ ತೊಟ್ಟಿ, ಹೂದಾನಿಗಳಲ್ಲೂ ಹೀಗೇ ಮಾಡೋಣವೆಂದು ಅಡ್ಜುಟೆಂಟನನ್ನು ಕೇಳಿದರೆ, ಸೊಳ್ಳೆಗಳೂ ಏನೋ ಉದ್ದೇಶಕ್ಕೆ ಹುಟ್ಟಿದವು, ಪ್ರಕೃತಿಯ ಕ್ರಮ ಕೆಡಿಸಬಾರದು ಎಂದು ಆತ ಒಪ್ಪಲಿಲ್ಲವಂತೆ. ರಾಸ್ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಆತ ಸಿಕಂದರಾಬಾದಿನಲ್ಲಿ ಕಂಡದ್ದು ಅದಕ್ಕೆ 14 ವರ್ಷ ತಡವಾಗಿ. ತೊಟ್ಟಿ ಮಗುಚಿದ್ದಕ್ಕೆ ಎಲ್‌ಸಿ50 ಬೇಕಿರಲಿಲ್ಲ.

ಹಾಗಾದರೆ ಗಿಡದೆಣ್ಣೆಯನ್ನು ಮರೆತುಬಿಡಬೇಕೆ? ಇಲ್ಲ. ನನ್ನ ವಾದದ ಇನ್ನೊಂದು ಮುಖ ಇಲ್ಲಿದೆ, ಅದನ್ನು ವಿವರವಾಗಿ ಹೇಳಬೇಕು.

ಸೊಳ್ಳೆಯ ವಿರುದ್ಧ ಗಿಡವೊಂದು ದೊಡ್ಡ ಪ್ರಮಾಣದಲ್ಲಿ ಗೆದ್ದ ಉದಾಹರಣೆ ಇತಿಹಾಸದಲ್ಲಿದೆ. ಸೇವಂತಿಗೆಯ ಬಳಗದ ಪೈರೆಥ್ರಮ್ ಹೂವು. ಒಣಗಿಸಿ ಪುಡಿ ಮಾಡಿದರೆ ಕೀಟಗಳಿಗೆ ಮಾರಕ. ಜಪಾನಿನ ಎಯಿಚಿರೊ ಉಯೆಯಾಮಾ 1890ರಲ್ಲಿ ಈ ಪುಡಿಯಿಂದ ಊದುಬತ್ತಿಯಂಥ ಕಡ್ಡಿ ಮಾಡಿದ. ಅದು ಮುಕ್ಕಾಲು ಗಂಟೆಯೊಳಗೆ ಉರಿದು ಮುಗಿಯುತ್ತಿತ್ತು, ಸೊಳ್ಳೆಯೋ ರಾತ್ರಿಯಿಡೀ ಕಚ್ಚುತ್ತಿತ್ತು. ಕಡ್ಡಿಯನ್ನು ಉದ್ದ ಮಾಡಿ ಸುರುಳಿ ಸುತ್ತಿದರೆ ಹೇಗೆ ಎಂದು ಹೇಳಿದವಳು ಆತನ ಹೆಂಡತಿ ಯುಕಿ. ಇಂದು ನಾವು ಕಾಯಿಲ್ ಎಂದು ಕರೆಯುವ ಸೊಳ್ಳೆಬತ್ತಿ ಹುಟ್ಟಿದ್ದು ಹಾಗೆ, ಮಾರುಕಟ್ಟೆಗೆ ಬಂದದ್ದು 1902ರಲ್ಲಿ. ಹೂವು ಅದೇ, ಪುಡಿ ಅದೇ. ಬದಲಾದದ್ದು ಆಕಾರ ಮಾತ್ರ, ಅದರಿಂದ ಮದ್ದಿನ ಆಯಸ್ಸು ನಿದ್ದೆಯ ಉದ್ದಕ್ಕೆ ಸರಿಹೊಂದಿತು. ಆ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂಬುದನ್ನು ನಾವು ಆಮೇಲೆ ಕಲಿತೆವು. ಬಿಸಿಲಿಗೆ ಬೇಗ ಕೆಡುವ ಇದೇ ಹೂವಿನ ಅಣುವಿನ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ಬಳಗ 1973ರಲ್ಲಿ ಬಿಸಿಲು ತಾಳುವ ಪರ್ಮೆಥ್ರಿನ್ ಕೊಟ್ಟಿತು. ಮುಂದೆ ಔಷಧ ಲೇಪಿತ ಸೊಳ್ಳೆಪರದೆಗಳು ಬಂದದ್ದು ಈ ದಾರಿಯಲ್ಲೇ. ಗಿಡ ಕೊಟ್ಟದ್ದು ಮೊದಲ ಸುಳಿವು. ಅದನ್ನು ಉಳಿಯುವಂತೆ, ಬೇಕಾದಲ್ಲಿ ಬೇಕಾದಷ್ಟು ಹೊತ್ತು ಇರುವಂತೆ ಮಾಡಿದ ಕೆಲಸ ಅದಕ್ಕಿಂತ ಕಷ್ಟದ್ದು.

ಲಾರ್ವಾದ ವಿಷಯದಲ್ಲೂ ಅಂಥ ಕೆಲಸ ಅಲ್ಲಲ್ಲಿ ನಡೆದಿದೆ. ನನಗೆ ಬಹಳ ಹಿಡಿಸಿದ್ದು ಅಮೆರಿಕ ಮತ್ತು ಬ್ರೆಜಿಲಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಒಂದು ವಿಧಾನ. ಕಿತ್ತಳೆ ಎಣ್ಣೆಯನ್ನು ಬ್ರೆಡ್ಡು ಉಬ್ಬಿಸುವ ಯೀಸ್ಟ್ ಕೋಶಗಳೊಳಗೆ ತುಂಬಿದರು. ಯೀಸ್ಟಿನ ಗೋಡೆ ಎಣ್ಣೆಯನ್ನು ಆವಿಯಾಗಲು ಬಿಡದೆ ಹಿಡಿದುಕೊಳ್ಳುತ್ತದೆ. ಲಾರ್ವಾಗಳು ನೀರಿನಲ್ಲಿ ತೇಲುವ ಸಣ್ಣ ಕಣಗಳನ್ನು ಬಾಯಿಯ ಕುಂಚಗಳಿಂದ ಸೋಸಿ ತಿನ್ನುವ ಜೀವಿಗಳು, ಯೀಸ್ಟ್ ಅವಕ್ಕೆ ಒಳ್ಳೆಯ ಊಟ. ತಿಂದಾಗ ಹೊಟ್ಟೆಯಲ್ಲಿ ಗೋಡೆ ಒಡೆದು ಎಣ್ಣೆ ಬಿಡುಗಡೆಯಾಗುತ್ತದೆ. ನೀರಿಗೆಲ್ಲ ಎಣ್ಣೆ ಬೆರೆಸುವ ಬದಲು ತಿನ್ನುವ ಬಾಯಿಗೇ ಅದನ್ನು ತಲುಪಿಸುವ ಉಪಾಯ ಇದು. ಕಿತ್ತಳೆ ಎಣ್ಣೆ ಜ್ಯೂಸ್ ಕಾರ್ಖಾನೆಗಳ ಉಪ ಉತ್ಪನ್ನ, ಹೊಸದಾಗಿ ಬೆಳೆಯಬೇಕಿಲ್ಲ. ಸಂಶೋಧಕರ ಗಮನ ಹೊಸ ಗಿಡದ ಮೇಲಿರಲಿಲ್ಲ, ಲಾರ್ವಾ ಹೇಗೆ ಉಣ್ಣುತ್ತದೆ ಎಂಬುದರ ಮೇಲಿತ್ತು. ಇನ್ನೂ ಬಯಲಿನಲ್ಲಿ ಬಹಳ ಪರೀಕ್ಷೆಯಾಗಬೇಕು, ಆದರೆ ಕೇಳಿದ ಪ್ರಶ್ನೆ ಸರಿಯಾಗಿದೆ. ಆಲ್ಜಿನೇಟ್ ಮಣಿಗಳು, ಕೈಟೊಸಾನ್ ಹೊದಿಕೆಗಳು ಇದೇ ದಿಕ್ಕಿನ ಪ್ರಯತ್ನಗಳು.

ಹೊಸ ರೂಪ ಎಂದು ಬಂದದ್ದೆಲ್ಲ ಹೀಗಿಲ್ಲ. ಈಗ ಎಲ್ಲೆಲ್ಲೂ ಕೇಳುವ ನ್ಯಾನೊ ಎಮಲ್ಷನ್ ಎಣ್ಣೆಯನ್ನು ಅತಿ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಸಮನಾಗಿ ಹರಡುತ್ತದೆ, ಕೊಲ್ಲುವ ಬಲವೂ ಹೆಚ್ಚುತ್ತದೆ. ಆದರೆ ಹನಿ ಸಣ್ಣದಾದಷ್ಟಕ್ಕೇ ಎಣ್ಣೆಯ ಆಯಸ್ಸು ಹೆಚ್ಚುವುದಿಲ್ಲ. ಹನಿಗಳನ್ನು ಬಿಡಿಬಿಡಿಯಾಗಿ ಇಡಲು ಎಷ್ಟೋ ಮಿಶ್ರಣಗಳಲ್ಲಿ ಎಣ್ಣೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಸೋಪಿನ ಗುಣದ ವಸ್ತು ಬೇಕಾಗುತ್ತದೆ. ಅದೂ ಡ್ರಮ್ಮಿಗೇ ಹೋಗುತ್ತದೆ. ಎಣ್ಣೆಯಿಲ್ಲದೆ ಬರೀ ಆ ವಸ್ತುವನ್ನು ಹಾಕಿದ ಲೋಟದಲ್ಲಿ ಎಷ್ಟು ಲಾರ್ವಾ ಸತ್ತವು ಎಂಬ ಅಂಕಿಯನ್ನು ಓದುಗ ಹುಡುಕಬೇಕು. ಅದಿಲ್ಲದ ಪ್ರಬಂಧವನ್ನು ನಾನು ಬದಿಗಿಡುತ್ತೇನೆ.

ಇನ್ನು ಬೆಳ್ಳಿಯ ನ್ಯಾನೊ ಕಣಗಳು. ಎಲೆಯ ಕಷಾಯವನ್ನು ಸಿಲ್ವರ್ ನೈಟ್ರೇಟಿಗೆ ಬೆರೆಸಿ, ಬಣ್ಣ ಕಂದಾದಾಗ ಹಸಿರು ವಿಧಾನದಲ್ಲಿ ನ್ಯಾನೊ ಕಣ ತಯಾರಾಯಿತು ಎನ್ನುತ್ತಾರೆ. ಇವುಗಳ ಎಲ್‌ಸಿ50 ಎಣ್ಣೆಗಿಂತ ಬಹಳ ಕಡಿಮೆ ಬರುತ್ತದೆ, ಸುದ್ದಿಯೂ ದೊಡ್ಡದಾಗುತ್ತದೆ. ಅಲ್ಲಿ ಕೊಲ್ಲುವ ಕೆಲಸ ಮುಖ್ಯವಾಗಿ ಬೆಳ್ಳಿಯದು. ಎಲೆ ಆ ಬೆಳ್ಳಿಯನ್ನು ಕಣವಾಗಿ ಇಳಿಸಿತಷ್ಟೆ. ಬೆಳ್ಳಿ ನೀರಿನ ಜೀವಿಗಳಿಗೆ ವಿಷ, ಎಣ್ಣೆಯಂತೆ ಕರಗಿ ಹೋಗುವುದೂ ಇಲ್ಲ. ಲೋಹವೊಂದನ್ನು ನೀರಿಗೆ ಹಾಕಿ ಅದಕ್ಕೆ ಗಿಡದ ಹೆಸರಿಡುವುದು ಓದುಗರಿಗೆ ಮಾಡುವ ಮೋಸ. ಇದನ್ನು ಮೆತ್ತಗೆ ಹೇಳಲು ನನ್ನಿಂದಾಗದು.

ಎಣ್ಣೆಯಲ್ಲಿ ಹತ್ತಾರು ಅಣುಗಳಿರುವುದರಿಂದ ಸೊಳ್ಳೆ ಅದಕ್ಕೆ ಒಗ್ಗಿಕೊಳ್ಳಲಾರದು ಎಂಬ ವಾದವೂ ಇದೆ. ಒಂದೇ ಅಣುವಿನ ಮದ್ದಿಗಿಂತ ನಿಧಾನವಾಗಬಹುದು, ಅದು ತರ್ಕಕ್ಕೆ ಸರಿ. ಆದರೆ ಕೀಟನಾಶಕಗಳನ್ನು ಒಡೆಯುವ ಕಿಣ್ವಗಳೇ ಗಿಡದ ವಿಷಗಳನ್ನೂ ಒಡೆಯುತ್ತವೆ. ಕೀಟಗಳು ಅವನ್ನು ಗಳಿಸಿಕೊಂಡದ್ದೇ ಕೋಟ್ಯಂತರ ವರ್ಷ ಗಿಡಗಳ ಜೊತೆ ಬಾಳಿ. ಸಾಯದಷ್ಟು ತೆಳುವಾದ ಎಣ್ಣೆಯಲ್ಲಿ ಲಾರ್ವಾ ಬೆಳೆಯುವಂತಾದರೆ ಆ ಕಿಣ್ವಗಳು ಚುರುಕಾಗುತ್ತವೆ. ಮೂರನೇ ದಿನಕ್ಕೆ ಬಲಗುಂದುವ ಮದ್ದು ಒದಗಿಸುವುದು ಅಂಥ ತೆಳುವಾದ ನೀರನ್ನೇ. ಇನ್ನೊಂದು ತೊಡಕು, ಕೆಲವು ಎಣ್ಣೆಗಳ ವಾಸನೆಗೆ ಮೊಟ್ಟೆಯಿಡಲು ಬಂದ ಸೊಳ್ಳೆ ಬೇರೆಡೆ ಹೋಗುತ್ತದೆ. ಎಣ್ಣೆ ಹಾಕಿದ ಮನೆಯವರು ಗೆದ್ದೆವೆಂದುಕೊಳ್ಳುತ್ತಾರೆ, ಮೊಟ್ಟೆ ಪಕ್ಕದ ಮನೆಯ ಡ್ರಮ್ಮಿಗೆ ಬೀಳುತ್ತದೆ.

ಆ ಡ್ರಮ್ಮು ಅಲ್ಲಿ ಏಕಿದೆ ಎಂಬುದನ್ನೂ ಕೇಳಬೇಕು. ವಾರಕ್ಕೊಮ್ಮೆ ನಳದ ನೀರು ಬರುವ ಊರಿನಲ್ಲಿ ಡ್ರಮ್ಮು, ಬಾನಿ, ಸಿಮೆಂಟಿನ ತೊಟ್ಟಿ ಇಲ್ಲದೆ ಬದುಕು ನಡೆಯದು. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿದ ರಾಜ್ಯ ಸರ್ಕಾರ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವೆಂದು ನಿಯಮ ಮಾಡಿತು. ನೀರು ಕೊಡದವರಿಗೆ ದಂಡವಿಲ್ಲ. ಬಿಗಿಯಾದ ಮುಚ್ಚಳ, ವಾರಕ್ಕೊಮ್ಮೆ ಖಾಲಿ ಮಾಡಿ ಗೋಡೆ ಉಜ್ಜಿ ತೊಳೆಯುವುದು, ದಿನವೂ ನೀರು. ಕುಡಿಯುವ ನೀರಿನ ಡ್ರಮ್ಮಿಗೆ ಇವಕ್ಕಿಂತ ಒಳ್ಳೆಯ ಲಾರ್ವಾನಾಶಕ ಯಾವ ಗಿಡದಲ್ಲೂ ಇಲ್ಲ. ಇವು ಬೇಸರ ತರಿಸುವ ಮಾತುಗಳು, ಸುದ್ದಿಯಾಗುವುದಿಲ್ಲ. ಹೊಸ ಎಣ್ಣೆಯ ಸುದ್ದಿ ಇವನ್ನು ಮರೆಸುತ್ತದೆ ಎಂಬುದೇ ನನ್ನ ನಿಜವಾದ ಆತಂಕ.

ಸುಗಂಧ ತೈಲಕ್ಕೆ ಜಾಗವಿರುವುದು ಯಾರೂ ಕುಡಿಯದ, ಮಗುಚಲೂ ಆಗದ ನೀರಿನಲ್ಲಿ. ಪಂಕ್ಚರ್ ಅಂಗಡಿಯ ಹಿಂದೆ ಗುಡ್ಡೆ ಬಿದ್ದ ಟೈರುಗಳಲ್ಲಿ ಒಂದೊಂದರಲ್ಲೂ ಒಂದೆರಡು ಲೋಟ ನೀರು ನಿಂತಿರುತ್ತದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಬಿದ್ದ ಹಾಳೆಗಳ ಬುಡದ ದೊನ್ನೆಯಲ್ಲಿ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪುಗಳಲ್ಲಿ ಮಳೆನೀರು ನಿಂತು ಈಡಿಸ್ ಬಳಗದ ಹುಲಿಸೊಳ್ಳೆ ಬೆಳೆಯುತ್ತದೆ. ಚಿಪ್ಪನ್ನು ಕವುಚಿ ಹಾಕಬಹುದು. ಎಕರೆಗಟ್ಟಲೆ ತೋಟದಲ್ಲಿ ಬೀಳುತ್ತಲೇ ಇರುವ ಹಾಳೆಯನ್ನು ದಿನಾ ಹೆಕ್ಕಲು ಆಳು ಸಿಗುವುದಿಲ್ಲ. ಇಲ್ಲಿ ನೀರು ಕಡಿಮೆ, ಆದ್ದರಿಂದ ಎಣ್ಣೆಯೂ ಕಡಿಮೆ ಸಾಕು. ಒಂದು ಹಾಳೆಗೆ ಒಂದು ಗುಳಿಗೆ, ಹದಿನೈದು ದಿನ ನಿಧಾನಕ್ಕೆ ಬಿಡುಗಡೆಯಾಗುವಂಥದು, ಮಳೆಗೆ ತುಂಬಿ ಹರಿದರೂ ಕೊಚ್ಚಿಹೋಗದಂಥದು ಬೇಕು. ಜೋರು ಮಳೆ, ಕೊಳೆತ ಎಲೆ, ಕಂದು ನೀರು ಎಲ್ಲವನ್ನೂ ತಾಳಿ ಅದು ನಿಲ್ಲುತ್ತದೆಯೇ ಎಂದು ಸುಳ್ಯದಲ್ಲೋ ಪುತ್ತೂರಿನಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ತೋಟದಲ್ಲಿ ಹಾಕಿ, ಪಕ್ಕದ ತೋಟದಲ್ಲಿ ಬಿಟಿಐ ಹಾಕಿ, ಇನ್ನೊಂದರಲ್ಲಿ ಏನನ್ನೂ ಹಾಕದೆ, ವಾರ ವಾರ ಲಾರ್ವಾ ಎಣಿಸಿದ ವರದಿಯೊಂದು ಬರಲಿ. ಎಣ್ಣೆ ಸೋತಿದ್ದರೂ ಅದನ್ನು ಪ್ರಕಟಿಸಲಿ. ಇನ್ನೊಂದು ಹೊಸ ಗಿಡದ ಎಲ್‌ಸಿ50ಗಿಂತ ನಮಗೆ ಅದು ಬೇಕಾಗಿದೆ.